ಡಾಕ್ಟರ ದೋಣಿಗೆ ಜ್ವರ

ಪಾತ್ರೆಯಲ್ಲಿ ಹಾಲು ಉಕ್ಕಿ ಚೆಲ್ಲಿದ್ದರೂ ಅಂದು ಇಷ್ಟು ರಂಪವಾಗುತ್ತಿರಲಿಲ್ಲ. ಹಲ್ಲಿನ ಡಾಕ್ಟರ ಹೆಂಡತಿ ಬೆಳಿಗ್ಗೆ ಎದ್ದು ಹಾಲಿನ ಪಾತ್ರೆಯ ಮುಚ್ಚಳ ತೆಗೆದರೆ ಒಳಗೆ ಕುದಿಯುತ್ತಿದ್ದದ್ದು ಹಾಲಲ್ಲ, ಹಾಯಿದೋಣಿಯ ಇಂಜಿನ್ನಿನಿಂದ ಬಿಚ್ಚಿ ತಂದ ಥರ್ಮೋಸ್ಟಾಟ್ ಎಂಬ ಹಿತ್ತಾಳೆಯ ಬಿಲ್ಲೆ. ನೀರಿನ ಮೇಲೆ ಎಣ್ಣೆಯ ಪದರ ಬಣ್ಣಬಣ್ಣವಾಗಿ ತೇಲುತ್ತಿತ್ತು.

"ಏನ್ರೀ ಇದು?"

"ಬಿಸಿಯಾದಾಗ ತೆರ್ಕೊಳ್ಳುತ್ತಾ ಅಂತ ನೋಡ್ತಿದೀನಿ. ಅಗೋ, ತೆರ್ಕೊಳ್ತು! ಇದರಲ್ಲಿ ಏನೂ ದೋಷ ಇಲ್ಲ ಕಣೆ."

"ದೋಷ ಅದರಲ್ಲಿಲ್ಲ ಅಂತ ನನಗೂ ಗೊತ್ತು," ಎಂದರು ಹೆಂಡತಿ. "ಬಚ್ಚಲಲ್ಲಿ ಹಾಯಿ ನೆನೆಹಾಕಿದ್ರಿ, ಸುಮ್ನಿದ್ದೆ. ಮಂಚದ ಕೆಳಗೆ ಹಗ್ಗ ತುಂಬಿದ್ರಿ, ಸುಮ್ನಿದ್ದೆ. ಈಗ ಹಾಲಿನ ಪಾತ್ರೆಗೇ ಬಂತಾ? ಸಂಜೆ ಒಳಗೆ ಆ ದೋಣಿ ಮಾರಿ ಮನೆಗೆ ಬನ್ನಿ. ಇಲ್ಲಾಂದ್ರೆ ಬರ್ಲೇಬೇಡಿ, ಹಾಸಿಗೇನ ಅಲ್ಲಿಗೇ ಕಳಿಸ್ತೀನಿ."

ಹೇಳಿದ್ದನ್ನು ಮಾಡದೆ ಬಿಡುವ ಅಭ್ಯಾಸ ಆಕೆಗೆ ಮದುವೆಯಾದಂದಿನಿಂದ ಇರಲಿಲ್ಲ. ಆದರೂ ಡಾಕ್ಟರು ಅಷ್ಟೇನೂ ಹೆದರಲಿಲ್ಲ. ಸಂಜೆ ದೋಣಿ ನೋಡಲು ಒಬ್ಬ ಗಿರಾಕಿ ಬರುವವನಿದ್ದ, ಅದೂ ತಾನಾಗಿ ಬಂದು ಬಲೆಗೆ ಬಿದ್ದ ಗಿರಾಕಿ. ಆತ ಆಗಷ್ಟೇ ನಿವೃತ್ತನಾದ ರೈಲ್ವೆ ಗಾರ್ಡ್. ಹಿಂದಿನ ವಾರ ಹಲ್ಲು ಕೊರೆಸಿಕೊಳ್ಳಲು ಬಂದು ಬಾಯಿ ತೆರೆದು ಮಲಗಿದ್ದಾಗ ಡಾಕ್ಟರು ತಮ್ಮ ಇಂಜಿನ್ನಿನ ಗೋಳನ್ನೆಲ್ಲ ತೋಡಿಕೊಂಡಿದ್ದರು: ಶುರುಮಾಡಿದ ಸ್ವಲ್ಪ ಹೊತ್ತಿಗೇ ಕೆಂಡದ ಹಾಗೆ ಕಾಯುತ್ತದೆ, ಭಾನುವಾರವೆಲ್ಲ ಅದರ ಮುಂದೆಯೇ ಕಳೆಯುತ್ತದೆ, ಕಾರಣ ಮಾತ್ರ ಸಿಗುತ್ತಿಲ್ಲ. ಬಾಯಲ್ಲಿ ಹತ್ತಿ ತುಂಬಿಕೊಂಡವರು ತಾನೇ ಡಾಕ್ಟರ ಮಾತನ್ನು ಪೂರ್ತಿ ಕೇಳುವುದು. ಬಾಯಿ ಮುಕ್ಕಳಿಸಿ ಉಗುಳಿದ ಮೇಲೆ ಗಾರ್ಡ್ ಕೇಳಿದ ಮೊದಲ ಪ್ರಶ್ನೆ, "ದೋಣಿ ಕೊಡ್ತೀರಾ?" ಹೊರಡುವಾಗ, "ಏನೂ ರಿಪೇರಿ ಮಾಡೋಕೆ ಹೋಗಬೇಡಿ, ಇದ್ದ ಹಾಗೇ ಇರಲಿ," ಎಂದೂ ಹೇಳಿದ್ದ.

ಎಂಥ ಸಂಕೋಚದ ಮನುಷ್ಯ ಎಂದು ಡಾಕ್ಟರ ಕರುಳು ಚುರುಕ್ ಎಂದಿತ್ತು. ಅಂಥವನಿಗೆ ಕೆಟ್ಟ ಇಂಜಿನ್ ಕೊಡುವುದೇ? ಸರಿಮಾಡಿಯೇ ಕೊಡಬೇಕು. ಈ ಒಳ್ಳೆಯತನವೇ ಎಲ್ಲ ಅನರ್ಥಕ್ಕೂ ಕಾರಣವಾಯಿತು.

ಡಾಕ್ಟರು ದೋಣಿ ಕಟ್ಟುವ ಜೆಟ್ಟಿಗೆ ಬಂದು, ದೋಣಿಯ ಕೋಣೆಗಿಳಿಯುವ ಮೆಟ್ಟಿಲನ್ನು ಕಿತ್ತು ಪಕ್ಕಕ್ಕಿಟ್ಟು, ಅದರ ಹಿಂದಿನ ಗೂಡಿನಲ್ಲಿದ್ದ ಇಂಜಿನ್ನಿನ ಮುಂದೆ ಹೊಟ್ಟೆಯ ಮೇಲೆ ಮಲಗಿದರು. ಥರ್ಮೋಸ್ಟಾಟನ್ನು ಸ್ವಸ್ಥಾನದಲ್ಲಿ ಕೂರಿಸಿ ಇಂಜಿನ್ ಶುರುಮಾಡಿದರು. ಶಾಖ ತೋರಿಸುವ ಮುಳ್ಳು ಕೆಂಪಿನ ಕಡೆಗೆ ಹೊರಟಿತು.

"ಹಿಂದಿನ ಕೊಳವೇಲಿ ನೀರೇ ಬರ್ತಿಲ್ಲ ಡಾಕ್ಟ್ರೇ," ಎಂದು ಮೇಲಿಂದ ಒಂದು ತಲೆ ಇಣುಕಿತು. ಪಕ್ಕದ ದೋಣಿಯ ಪೋಸ್ಟ್‌ಮಾಸ್ಟರು.

ಆ ಜೆಟ್ಟಿಯಲ್ಲಿ ಯಾರೂ ತಮ್ಮ ದೋಣಿಯನ್ನು ತಾವು ರಿಪೇರಿ ಮಾಡಿಕೊಳ್ಳುತ್ತಿರಲಿಲ್ಲ. ಪಕ್ಕದವರ ದೋಣಿಯಾದರೆ ಎಲ್ಲರೂ ಪಂಡಿತರೇ. ಪೋಸ್ಟ್‌ಮಾಸ್ಟರ ಸ್ವಂತ ದೋಣಿಯ ಇಂಜಿನ್ ತುಕ್ಕು ಹಿಡಿದು ಎಷ್ಟೋ ವರ್ಷಗಳಾಗಿದ್ದವು. ಅದರ ಮೇಲೆ ಕಾಗೆಯೊಂದು ಸಂಸಾರ ಹೂಡಿತ್ತು.

"ಸಮುದ್ರದ ನೀರು ಎಳ್ಕೊಂಡು ಇಂಜಿನ್ ತಂಪು ಮಾಡಿ ಹಿಂದಿನಿಂದ ಉಗುಳಬೇಕು. ಉಗುಳ್ತಿಲ್ಲ ಅಂದ್ರೆ ಎಳ್ಕೊಳ್ತಿಲ್ಲ," ಎಂದು ಪೋಸ್ಟ್‌ಮಾಸ್ಟರು ಕೆಳಗಿಳಿದೇ ಬಿಟ್ಟರು. ಅವರ ಹಿಂದೆಯೇ ಡಾಕ್ಟರ ಭಾವಮೈದನೂ ಬಂದ. ಅವನದು ಫ್ರಿಜ್ ರಿಪೇರಿ ಅಂಗಡಿ.

"ತಂಪು ಮಾಡೋದೇ ನನ್ನ ಕಸುಬು ಭಾವ. ನೀವು ಸ್ವಲ್ಪ ಸರೀರಿ."

ಸರಿಯಲು ಜಾಗವಿದ್ದರೆ ತಾನೇ? ಒಬ್ಬರು ಕೂರಲಾಗದ ಗೂಡಿನಲ್ಲಿ ಮೂವರು ಒಬ್ಬರ ಕಂಕುಳಿಗೆ ಒಬ್ಬರು ಮೂಗಿಟ್ಟು ನಿಂತರು. ಡಾಕ್ಟರು ಇಂಜಿನ್ ಆರಿಸಿ, "ವಾಲ್ವ್ ಮುಚ್ಚಿ," ಎಂದರು. ಪೋಸ್ಟ್‌ಮಾಸ್ಟರು ದೋಣಿಯ ತಳದಿಂದ ನೀರು ಬರುವ ವಾಲ್ವನ್ನು ಮುಚ್ಚಿದರು. ಭಾವಮೈದ ನೀರು ಸೋಸುವ ಜಾಲರಿಯನ್ನು ಬಿಚ್ಚಿದ. ಒಳಗೆ ಪಾಚಿ ಗಿಡಿದು ತುಂಬಿತ್ತು.

"ಇಷ್ಟೇ!" ಎಂದು ಮೂವರೂ ಒಟ್ಟಿಗೆ ಕೂಗಿದರು. ಜಾಲರಿ ತೊಳೆದು ಕೂರಿಸಿದ್ದಾಯಿತು, ಬೆನ್ನು ತಟ್ಟಿಕೊಂಡದ್ದಾಯಿತು, ಇಂಜಿನ್ ಶುರುಮಾಡಿದ್ದೂ ಆಯಿತು. ಸ್ವಲ್ಪ ಹೊತ್ತಿಗೆ ರಬ್ಬರ್ ಸುಟ್ಟ ವಾಸನೆ ಬಂತು. ಆಮೇಲೆ ಹಬೆ ಬಂತು. ಡಾಕ್ಟರು ಕೆಮ್ಮುತ್ತ ಇಂಜಿನ್ ನಿಲ್ಲಿಸಿದರು.

"ವಾಲ್ವ್ ತೆಗೀಲಿಲ್ವಾ?"

"ಮುಚ್ಚಿ ಅಂದ್ರಿ, ಮುಚ್ಚಿದೆ," ಎಂದರು ಪೋಸ್ಟ್‌ಮಾಸ್ಟರು ಸಮಾಧಾನವಾಗಿ. "ತೆಗೀರಿ ಅಂತ ಯಾರು ಹೇಳಿದ್ರು?"

ಡಾಕ್ಟರಿಗೆ ಆ ಕ್ಷಣ ಪೋಸ್ಟ್‌ಮಾಸ್ಟರ ಹಲ್ಲುಗಳನ್ನೆಲ್ಲ ಮರಗಟ್ಟಿಸದೆ ಕೀಳಬೇಕೆನಿಸಿತು. ಆದರೆ ಕೀಳಬೇಕಾದದ್ದು ಬೇರೆಯೇ ಇತ್ತು. ನೀರೆಳೆಯುವ ಪಂಪಿನೊಳಗೆ ಒಂದು ರಬ್ಬರ್ ಚಕ್ರ, ಅದರ ಸುತ್ತ ಹಲ್ಲಿನಂಥ ಎಸಳುಗಳು. ನೀರಿಲ್ಲದೆ ತಿರುಗಿದರೆ ಅದು ಸತ್ತಂತೆಯೇ ಲೆಕ್ಕ. ಪಂಪಿನ ಮುಚ್ಚಳ ತೆಗೆದರೆ ಚಕ್ರ ಕಚ್ಚಿಕೊಂಡು ಕೂತಿತ್ತು. ಭಾವಮೈದನ ಸ್ಕ್ರೂಡ್ರೈವರಿಗೂ ಬರಲಿಲ್ಲ, ಪೋಸ್ಟ್‌ಮಾಸ್ಟರ ಬೈಗುಳಕ್ಕೂ ಬರಲಿಲ್ಲ. ಕೊನೆಗೆ ಡಾಕ್ಟರು ತಮ್ಮ ಚೀಲದಿಂದ ದವಡೆ ಹಲ್ಲು ಕೀಳುವ ಇಕ್ಕಳ ತೆಗೆದು, ಅಭ್ಯಾಸಬಲದಿಂದ "ನೋವಾಗಲ್ಲ" ಎಂದು ಇಂಜಿನ್ನಿಗೆ ಹೇಳಿ, ಒಮ್ಮೆ ತಿರುಚಿ ಎಳೆದರು. ಚಕ್ರ ಹೊರಬಂತು.

"ಎರಡು ಎಸಳು ಮುರಿದಿದೆ. ಚೂರು ಎಲ್ಲಿ?"

ದವಾಖಾನೆಯಲ್ಲಾಗಿದ್ದರೆ ಡಾಕ್ಟರು ಮುರಿದ ಬೇರಿನ ಕೊನೆಯ ಚೂರನ್ನೂ ಜೋಡಿಸಿ ನೋಡದೆ ರೋಗಿಯನ್ನು ಕುರ್ಚಿಯಿಂದ ಏಳಗೊಡುತ್ತಿರಲಿಲ್ಲ. ಇಲ್ಲಿ ಭಾವಮೈದ ಗಡಿಯಾರ ತೋರಿಸಿದ. "ಚೂರು ತಾನೇ ಭಾವ, ನೀರಿನ ಜೊತೆ ಹೋಗಿರುತ್ತೆ ಬಿಡಿ. ಗಿರಾಕಿ ಬರೋ ಹೊತ್ತಾಯ್ತು. ಬೇರೆ ಚಕ್ರ ಇದೆ ತಾನೇ?"

"ಮನೇಲಿ ಕಪಾಟಿನಲ್ಲಿದೆ. ಹೊಸದು."

ಭಾವಮೈದನ ಮುಖ ಸಣ್ಣಗಾಯಿತು. "ಕಪಾಟಿನಲ್ಲಿಲ್ಲ ಭಾವ. ಫ್ರಿಜ್ ಅಲುಗಾಡ್ತಿತ್ತಲ್ಲ, ಅದರ ಕಾಲಿನ ಕೆಳಗೆ ನಾನೇ ಇಟ್ಟಿದ್ದೆ. ಎಷ್ಟು ಗಟ್ಟಿಯಾಗಿ ಕೂತಿತ್ತು ಗೊತ್ತಾ?"

ಫೋನು ಹೋಯಿತು. ಅರ್ಧ ಗಂಟೆಯಲ್ಲಿ ಹೆಂಡತಿಯೇ ಬಂದರು, ಸತ್ತ ಇಲಿಯನ್ನು ಹಿಡಿದಂತೆ ಚಕ್ರವನ್ನು ಎರಡು ಬೆರಳಲ್ಲಿ ಹಿಡಿದುಕೊಂಡು. "ತಗೊಳ್ಳಿ. ಫ್ರಿಜ್ ಈಗ ಕುಂಟ್ತಾ ಇದೆ. ಸಂಜೆ ವಿಷಯ ನೆನಪಿದೆ ತಾನೇ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೋದರು.

ಫ್ರಿಜ್ಜಿನ ಭಾರಕ್ಕೆ ಒಂದು ಕಡೆ ಚಪ್ಪಟೆಯಾಗಿದ್ದ ಚಕ್ರವನ್ನು ಹೇಗೋ ತುರುಕಿದರು. ಡಾಕ್ಟರು ವಾಲ್ವನ್ನು ತಾವೇ ತೆರೆದು, ತೆರೆದಿದೆಯೆಂದು ಇಬ್ಬರ ಬಾಯಿಂದಲೂ ಹೇಳಿಸಿ, ಇಂಜಿನ್ ಶುರುಮಾಡಿದರು. ಹಿಂದಿನ ಕೊಳವೆಯಿಂದ ಬುಳಕ್ ಬುಳಕ್ ಎಂದು ನೀರು ಹಾರಿತು. ಮುಳ್ಳು ನಡುವೆ ಬಂದು ನಿಂತು ಅಲುಗಾಡಲಿಲ್ಲ. ಡಾಕ್ಟರಿಗೆ ಖುಷಿಯಲ್ಲಿ ಅಳುವೇ ಬಂತು. ಸೀಮೆಎಣ್ಣೆಯಲ್ಲಿ ಕೈತೊಳೆದು, ಅದೇ ಕೈಯಿಂದ ತಲೆ ಬಾಚಿಕೊಂಡರು.

ಗಾರ್ಡ್ ಸಾಹೇಬರು ಹೊಸ ಟೋಪಿ ಹಾಕಿಕೊಂಡು, ಕೈಯಲ್ಲಿ ಹೊಚ್ಚಹೊಸ ಸ್ಪ್ಯಾನರ್ ಪೆಟ್ಟಿಗೆ ಹಿಡಿದು ಬಂದರು. ಡಾಕ್ಟರು ಅವರನ್ನೂ ಆ ಇಬ್ಬರು ಪಂಡಿತರನ್ನೂ ಹತ್ತಿಸಿಕೊಂಡು ಬಂದರಿನ ಬಾಯಿಯವರೆಗೂ ಹೋಗಿ ತಿರುಗಿ ಬಂದರು. ಇಂಜಿನ್ ಬೆಣ್ಣೆಯಂತೆ ಓಡಿತು. ಆದರೆ ದೋಣಿ ಮುಂದೆ ಹೋದಷ್ಟೂ ಗಾರ್ಡ್ ಮುಖ ಉದ್ದವಾಗುತ್ತ ಹೋಯಿತು.

"ಕಾಯೋದು ಯಾವಾಗ ಶುರುವಾಗುತ್ತೆ?" ಎಂದು ಜೆಟ್ಟಿ ಮುಟ್ಟುತ್ತಲೇ ಆಸೆಯಿಂದ ಕೇಳಿದರು.

"ಇನ್ನು ಕಾಯೋದೇ ಇಲ್ಲ! ಪೂರ್ತಿ ಸರಿಮಾಡಿದೀನಿ!"

"ಛೇ!" ಎಂದು ಗಾರ್ಡ್ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕುಸಿದು ಕೂತರು. "ಎಂಥ ಕೆಲಸ ಮಾಡಿದ್ರಿ ಡಾಕ್ಟ್ರೇ! ಜೀವಮಾನವೆಲ್ಲ ರೈಲಿನ ಕೊನೇ ಡಬ್ಬೀಲಿ ಒಬ್ಬನೇ ಕೂತಿದ್ದೋನು ನಾನು. ಈಗ ಮನೇಲಿ ಕೂತಿದೀನಿ. ಪೇಪರ್ ಮಡಿಸೋದು ತಪ್ಪಂತೆ, ಬೀನ್ಸ್ ಹೆಚ್ಚೋದು ತಪ್ಪಂತೆ, ಉಸಿರು ಬಿಡೋದು ಜೋರಂತೆ. ಭಾನುವಾರವೆಲ್ಲ ಇಂಜಿನ್ ಮುಂದೇನೇ ಕಳೆಯುತ್ತೆ ಅಂದ್ರಲ್ಲ, ಇದೇ ನನಗೆ ತಕ್ಕ ದೋಣಿ ಅಂತ ಓಡಿಬಂದೆ. ಓಡೋ ದೋಣಿ ತಗೊಂಡ್ರೆ ನಮ್ಮನೆಯವಳು, ಅವಳ ತಂಗಿ, ತಂಗಿಯ ಅತ್ತೆ, ಎಲ್ಲಾ ಹತ್ತಿ ಕೂರ್ತಾರೆ. ಕೆಟ್ಟ ದೋಣಿಗೆ ಯಾರು ಬರ್ತಾರೆ ಹೇಳಿ?"

ಭಾವಮೈದ ಮೆಲ್ಲಗೆ ಜೆಟ್ಟಿಗೆ ಹಾರಿ, ಸುದ್ದಿ ಮುಟ್ಟಿಸಲು ಅಕ್ಕನ ಮನೆಯ ದಾರಿ ಹಿಡಿದ. ಪೋಸ್ಟ್‌ಮಾಸ್ಟರು ಮಾತ್ರ ಗಂಟಲು ಸರಿಮಾಡಿಕೊಂಡು, "ಸಾಹೇಬ್ರೇ, ಒಂದ್ನಿಮಿಷ ನಮ್ಮ ದೋಣಿ ನೋಡ್ತೀರಾ? ಇಂಜಿನ್ ಇದೆ, ಆದ್ರೆ ದೇವರಾಣೆಗೂ ಓಡಲ್ಲ," ಎಂದರು. ಗಾರ್ಡ್ ಕಣ್ಣುಗಳು ಮಿನುಗಿದವು. ಇಬ್ಬರೂ ಕಾಗೆಯ ಸಂಸಾರದ ಕಡೆಗೆ ನಡೆದರು. ಡಾಕ್ಟರು ದೋಣಿಯನ್ನು ಅದರ ಜಾಗಕ್ಕೆ ತಿರುಗಿಸುವಷ್ಟರಲ್ಲಿ ಅಲ್ಲಿ ಕೈಕುಲುಕಿ ವ್ಯಾಪಾರ ಮುಗಿದಿತ್ತು.

ಅಷ್ಟು ಹೊತ್ತಿಗೆ, ಕಳೆದುಹೋಗಿದ್ದ ಆ ಎರಡು ರಬ್ಬರ್ ಚೂರುಗಳು ಕೊಳವೆಯಲ್ಲಿ ಸುತ್ತಾಡಿ ಸಾಕಾಗಿ, ಒಂದು ಇಕ್ಕಟ್ಟಿನ ತಿರುವಿನಲ್ಲಿ ಒಟ್ಟಿಗೆ ಕೂತವು. ಹಿಂದಿನ ನೀರು ನಿಂತಿತು. ಮುಳ್ಳು ಕೆಂಪಿಗೆ ಹಾರಿತು. ಗೂಡಿನಿಂದ ಹಬೆ ಬುಸ್ಸೆಂದು ಎದ್ದಿತು.

"ಕಾಯ್ತಿದೆ! ಗಾರ್ಡ್ ಸಾಹೇಬ್ರೇ, ನೋಡಿ, ಕಾಯ್ತಿದೆ!" ಎಂದು ಡಾಕ್ಟರು ಎರಡೂ ಕೈ ಎತ್ತಿ ಕುಣಿದರು.

ಗಾರ್ಡ್ ತಮ್ಮ ಹೊಸ ತುಕ್ಕಿನ ರಾಶಿಯ ಮುಂದೆ ಪೆಟ್ಟಿಗೆ ಬಿಚ್ಚಿ ಕೂತಿದ್ದವರು ಒಮ್ಮೆ ಹೊಟ್ಟೆಕಿಚ್ಚಿನಿಂದ ನೋಡಿದರು. "ಸ್ವಲ್ಪ ಮುಂಚೆ ಕಾಯಬಾರದಿತ್ತಾ? ಈಗ ಮಾತು ಕೊಟ್ಟಾಯ್ತಲ್ಲ!"

"ಯೋಚನೆ ಮಾಡಬೇಡಿ ಡಾಕ್ಟ್ರೇ," ಎಂದರು ಪೋಸ್ಟ್‌ಮಾಸ್ಟರು. ಅವರ ಮುಖದಲ್ಲಿ ಹೊರೆ ಇಳಿಸಿದವರ ಕಳೆ ಇತ್ತು. "ನನಗಿನ್ನು ಸ್ವಂತ ದೋಣಿ ಚಿಂತೆ ಇಲ್ಲ. ನಾಳೆಯಿಂದ ದಿನಾ ಬೆಳಿಗ್ಗೆ ಬಂದು ನಿಮ್ಮ ಇಂಜಿನ್ನೇ ನೋಡ್ಕೋತೀನಿ."

ಡಾಕ್ಟರು ಹಬೆಯ ನಡುವೆ ತಲೆ ಮೇಲೆ ಕೈಹೊತ್ತು ಕೂತರು. ಹಬೆ ಇಳಿಯುವ ಹೊತ್ತಿಗೆ ಜೆಟ್ಟಿಯ ತುದಿಯಲ್ಲಿ ಭಾವಮೈದ ಕಾಣಿಸಿಕೊಂಡ. ಹೆಗಲ ಮೇಲೆ ಸುರುಳಿ ಸುತ್ತಿದ ಹಾಸಿಗೆ, ಕಂಕುಳಲ್ಲಿ ದಿಂಬು, ಕೈಯಲ್ಲಿ ಆ ಹಾಲಿನ ಪಾತ್ರೆ.

"ಅಕ್ಕ ಕೊಟ್ಟಳು ಭಾವ," ಎಂದು ಅವನು ಪಾತ್ರೆಯನ್ನು ಮೊದಲು ನೀಡಿದ. "ಇನ್ಮೇಲೆ ಏನು ಬೇಕಾದ್ರೂ ಕುದಿಸ್ಕೊಳ್ಳಬಹುದಂತೆ."