ಮಾವ ಕಟ್ಟಿದ ಇಳಿಜಾರು

ನಮ್ಮ ಸೋದರಮಾವನಿಗೆ ಜನರ ಮುಖಕ್ಕಿಂತ ಅವರ ತಲೆಯ ಹಿಂಭಾಗವೇ ಚೆನ್ನಾಗಿ ಗೊತ್ತು. ಎದುರಿಗೆ ಬಂದವರನ್ನು ಗುರುತಿಸುವುದಿಲ್ಲ. ಅವರು ದಾಟಿಹೋದ ಮೇಲೆ "ಓ, ಇವ್ರಾ" ಎನ್ನುತ್ತಾರೆ. ಅವರದೇನು ತಪ್ಪು? ಡೇರೆಯಲ್ಲಿ ಸಿನಿಮಾ ನೋಡುತ್ತಿದ್ದ ಕಡೂರು, ತರೀಕೆರೆ, ಅಜ್ಜಂಪುರದ ಜನಕ್ಕೆ ಮೊದಮೊದಲ ಟಾಕೀಸುಗಳ ನಕ್ಷೆ ಬರೆದುಕೊಟ್ಟ ಆರ್ಕಿಟೆಕ್ಟ್ ಅವರು. ಮುಂದೆ ಕೂತವನ ತಲೆ ಹಿಂದೆ ಕೂತವನಿಗೆ ಅಡ್ಡ ಬರಬಾರದೆಂಬ ಒಂದೇ ಚಿಂತೆಯಲ್ಲಿ ಆಯುಷ್ಯ ಕಳೆದವರು.

ಹೆಣ್ಣು ನೋಡಲು ಬೀರೂರಿಗೆ ಹೋದಾಗ ಉಪ್ಪಿಟ್ಟಿನ ತಟ್ಟೆ ಬದಿಗಿಟ್ಟು, ಪಡಸಾಲೆಯ ನಡುವೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿದರಂತೆ. ಹೆಣ್ಣಿನ ತಂದೆ ಗಾಬರಿಯಾಗಿ, "ಯಾರನ್ನ ಕರೀತಿದ್ದೀರಪ್ಪಾ?" ಎಂದರು.

"ಯಾರ್ನೂ ಇಲ್ಲ. ಇಲ್ಲಿ ದನಿ ವಾಪಸ್ ಬತ್ತೈತೆ. ಗೋಡೆಗೆ ಗೋಣಿತಾಟು ಹೊಡೆಸಿದ್ರೆ ಸರಿಹೋಗ್ತದೆ" ಎಂದರು ಮಾವ.

ಒಳಗಿನಿಂದ ಯಾರೋ ಕಿಸಕ್ಕನೆ ನಕ್ಕರು. ಹಾಗೆ ನಕ್ಕವರೇ ನಮ್ಮ ಅತ್ತೆ.

ತರೀಕೆರೆಯಲ್ಲಿ ಟಾಕೀಸು ಕಟ್ಟಿಸಲು ಹೊರಟವರು ಒಬ್ಬ ಕೊಬ್ಬರಿ ಸಾಹುಕಾರರು. "ನಡುವೆ ಕಂಬ ಇಲ್ದೆ ಸೂರು ನಿಲ್ತದೇನ್ರೀ?" ಎಂದು ಹಟ ಹಿಡಿದರು. ಮಾವ ವಾದ ಮಾಡಲಿಲ್ಲ. ಅವರನ್ನು ಊರಿಗೆ ಬಂದಿದ್ದ ನಾಟಕದ ಡೇರೆಗೆ ಕರೆದೊಯ್ದು, ಸರಿಯಾಗಿ ಕಂಬದ ಹಿಂದೆ ಕೂರಿಸಿದರು. ಮಧ್ಯಂತರದ ಹೊತ್ತಿಗೆ ಸಾಹುಕಾರರ ಕತ್ತು ಒಂದೇ ಕಡೆಗೆ ಹೊರಳಿ ನಿಂತಿತ್ತು.

"ಕಂಬ ಬ್ಯಾಡ ಸ್ವಾಮಿ. ಮೊದ್ಲು ನನ್ನ ಕತ್ತು ನೆಟ್ಟಗೆ ಮಾಡ್ಸಿ."

ಈಗ ಆ ಟಾಕೀಸುಗಳೆಲ್ಲ ಮುಚ್ಚಿವೆ. ಅಜ್ಜಂಪುರದ್ದು ಕಲ್ಯಾಣಮಂಟಪವಾಗಿದೆ. ಕುರ್ಚಿ ಕಿತ್ತರು, ಪರದೆ ತೆಗೆದರು; ನೆಲದ ಇಳಿಜಾರು ಮಾತ್ರ ಹಾಗೇ ಉಳಿಯಿತು. ಮೊನ್ನೆ ಮಾವನ ಮೊಮ್ಮಗಳ ಮದುವೆ ಅಲ್ಲೇ ಆಯಿತು. ಬೆಳಗಿನ ತಿಂಡಿಗೆ ಕೂತರೆ, ಬಡಿಸಿದ ಸಾಂಬಾರು ಎಲೆಯಲ್ಲಿ ನಿಲ್ಲದೆ ಬೀಗರ ಪಂಚೆಯತ್ತ ಹೊರಟಿತು.

"ಯಾವ ಪುಣ್ಯಾತ್ಮ ಕಟ್ಟಿದ್ನಪ್ಪಾ ಇದನ್ನ?" ಎಂದರು ಬೀಗರು.

ಪಕ್ಕದಲ್ಲೇ ಇದ್ದ ಮಾವ ತಲೆ ಎತ್ತದೆ, ಇಡ್ಲಿಯಿಂದ ಸಾಂಬಾರಿಗೆ ಒಡ್ಡು ಕಟ್ಟುತ್ತ, "ಯಾರೋ ತಲೆಕೆಟ್ಟೋನು ಇರ್ಬೇಕು" ಎಂದರು.

ಮಂಟಪದವರು ಓಡಿಬಂದು, "ಬೇಜಾರ್ ಮಾಡ್ಕೋಬೇಡಿ. ಮುಂದಿನ ತಿಂಗ್ಳು ಮಣ್ಣು ತುಂಬಿಸಿ ನೆಲ ಮಟ್ಟ ಮಾಡಿಸ್ತೀವಿ" ಎಂದರು. ಮಾವ ಆಮೇಲೆ ಏನನ್ನೂ ತಿನ್ನಲಿಲ್ಲ.

ಮುಹೂರ್ತದ ಹೊತ್ತಿಗೆ ಮುಂದೆ ನೆಂಟರು, ಫೋಟೊದವರು ಗುಂಪುಗಟ್ಟಿ ನಿಂತುಬಿಟ್ಟರು. ಮಂಡಿನೋವಿನ ಅತ್ತೆ ಹಿಂಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದರು, ಪಕ್ಕದಲ್ಲಿ ಮಾವ. ಪಾಪ, ಏನು ಕಂಡೀತು ಎಂದು ನಾನು ಅತ್ತೆಯನ್ನು ಮುಂದೆ ಕರೆದೊಯ್ಯಲು ಹೋದರೆ, ಅವರು ಸುಮ್ಮನಿರುವಂತೆ ಕೈಸನ್ನೆ ಮಾಡಿದರು. ಗಟ್ಟಿಮೇಳ ನಿಂತ ಮೇಲೆ ಮಾವನ ಕಡೆ ತಿರುಗಿ, "ಕೂತಲ್ಲಿಂದ್ಲೇ ಎಲ್ಲಾ ಕಾಣಿಸ್ತು ಕಣ್ರೀ. ಮೂರು ಗಂಟೂ ನೋಡ್ದೆ" ಎಂದರು.

ಮಾವ ಎದ್ದು ನಿಂತು, ಅಕ್ಷತೆ ಹಾಕಿ ಬರೋಣವೆಂದು ಅತ್ತೆಗೆ ಕೈ ಚಾಚಿದರು. ನಾಲ್ಕು ಜನರೆದುರು ಹೆಂಡತಿಯ ಕೈ ಹಿಡಿದವರೇ ಅಲ್ಲ ಅವರು. ಅಂದು ಹಿಡಿದ ಕೈಯನ್ನು ಆ ಇಳಿಜಾರಿನುದ್ದಕ್ಕೂ, ಮಗುವನ್ನು ನಡೆಸುವಂತೆ ನಿಧಾನವಾಗಿ ನಡೆಸುತ್ತ, ವೇದಿಕೆ ಮುಟ್ಟುವವರೆಗೂ ಬಿಡಲಿಲ್ಲ.