ಮೂವತ್ತಾರು ಫ್ರೇಮು, ಒಂದು ಡಬ್ಬಿ

“ನಮ್ಮ ಜಗನ್ ತೆಗ್ದಿರೋದಲ್ವಾ, ಹಂಗೇ ಇರುತ್ತೆ. ಬೆಳಗ್ಗೆ ಐದು ಗಂಟೇಲಿ ನಂದಿ ಬೆಟ್ಟದ ಮೇಲೆ ನಿಂತ್ಕೊಂಡು ತೆಗ್ದಂಗೆ. ಆ ಮಂಜಲ್ಲಿ ಮದುಮಗಳನ್ನ ನೀವೇ ಹುಡುಕ್ಕೋಬೇಕು. ಎಂಟನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋನ ಕೈಗೆ ಕ್ಯಾಮೆರಾ ಕೊಟ್ಟಿದ್ದೇ ನನ್ನ ತಪ್ಪು!”

ಶಿಡ್ಲಘಟ್ಟದ ಸ್ಟುಡಿಯೋ ಮಾಲೀಕ ಮೋಹನ್‌ಬಾಬು ಹೀಗೆ ಹೇಳಿದ್ದು ಆಲ್ಬಂ ಒಯ್ಯಲು ಬಂದಿದ್ದ ಹೆಣ್ಣಿನ ಕಡೆಯ ಹನ್ನೊಂದು ಮಂದಿಯ ಎದುರಿಗೆ. ಹನ್ನೊಂದು ಮಂದಿಯೂ ನಕ್ಕರು. ಮದುಮಗಳ ಅಜ್ಜಿಗೆ ಕಿವಿ ಕೇಳಿಸದು. ಉಳಿದವರು ನಕ್ಕರೆಂದು ಆಕೆಯೂ ನಕ್ಕಳು. ಫೋಟೋ ಮಂಜಾದದ್ದು ಬಜ್ಜಿ ತಿಂದ ಕೈಯನ್ನು ಮೋಹನ್‌ಬಾಬುವೇ ಲೆನ್ಸಿನ ಮೇಲೆ ಇಟ್ಟದ್ದರಿಂದ. ಅದನ್ನು ಮುಖಕ್ಕೆ ಹೊಡೆದ ಹಾಗೆ ಹೇಳಲು ಅಲ್ಲೇ ನಿಂತಿದ್ದ ಕೆಲಸದ ಹುಡುಗ ಜಗನ್‌ಗೆ ಪುರುಸೊತ್ತಿರಲಿಲ್ಲ. ಹತ್ತು ಗಂಟೆಗೆ ದೇವನಹಳ್ಳಿಯಲ್ಲಿ ವಿಮಾನ. ಬಾಗಿಲಲ್ಲಿ ಸೋದರಮಾವ ಕೋನಪ್ಪ ಬ್ಯಾಗು ಹಿಡಿದು, ಎಲ್ಲವನ್ನೂ ಕೇಳಿಸಿಕೊಂಡು ನಿಂತಿದ್ದ.

ಮಂಗಳೂರಿನ ಒಂದು ಸಂಘ ಫಿಲ್ಮ್ ಕ್ಯಾಮೆರಾ ಸ್ಪರ್ಧೆ ಇಟ್ಟಿತ್ತು. ಒಂದೇ ರೋಲು, ಮೂವತ್ತಾರು ಫ್ರೇಮು. ತೊಳೆಯದ ರೋಲನ್ನು ಡಬ್ಬಿಗೆ ಹಾಕಿ, ಅವರು ಕಳಿಸಿದ ಸೀಲು ಅಂಟಿಸಿ, ಮಧ್ಯಾಹ್ನ ಎರಡರೊಳಗೆ ಒಪ್ಪಿಸಬೇಕು. ಎಲ್ಲರೆದುರೇ ಒಡೆದು ತೊಳೆಯುತ್ತಾರೆ. ಆಯ್ಕೆಯಾದವನಿಗೂ ಜೊತೆಗೊಬ್ಬರಿಗೂ ಟಿಕೆಟ್ ಸಂಘದ್ದೇ. ಗೆದ್ದವನಿಗೆ ಅಲ್ಲೇ ಕೆಲಸ. ಅಂದರೆ ಮೋಹನ್‌ಬಾಬುವಿನ ಮುಖ ಇನ್ನು ನೋಡಬೇಕಿಲ್ಲ.

ಜಗನ್ ತೆಗೆದದ್ದು ಅಮ್ಮ ಮುನಿಗಂಗಮ್ಮನ ಕೈಗಳನ್ನು. ರೇಷ್ಮೆ ಬಿಚ್ಚುವ ಶೆಡ್ಡಿನಲ್ಲಿ, ಕತ್ತಲೆಗೆಂದೇ ಮಾಡಿದ ಫಿಲ್ಮಿನಲ್ಲಿ, ಮೂರು ತಿಂಗಳು. ಮೂವತ್ತು ವರ್ಷ ಕುದಿನೀರಿನ ಗೂಡಿನಲ್ಲಿ ಎಳೆ ಹುಡುಕಿ ಆಕೆಯ ಬೆರಳಿನ ಗೆರೆಗಳೇ ಅಳಿಸಿಹೋಗಿದ್ದವು. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಮಿಷನ್ನು ಪ್ರತಿ ತಿಂಗಳೂ ‘ನೀನು ಯಾರೂ ಅಲ್ಲ’ ಎನ್ನುತ್ತಿತ್ತು. ಯಾರು ಅಂತ ತೋರಿಸ್ತೀನಿ ಎಂದು ಜಗನ್ ಹಲ್ಲು ಕಚ್ಚಿದ್ದ.

“ಏರ್‌ಪೋರ್ಟಿನ ಎಕ್ಸ್‌ರೇ ತಗುಲಿದ್ರೆ ಫೋಟೋ ಎಲ್ಲಾ ಹೋಯ್ತು ಮಾಮ,” ಎಂದ ಬಸ್ಸಿನಲ್ಲಿ.

“ನನಗೇ ಹೇಳ್ತೀಯೇನೋ?” ಎಂದ ಕೋನಪ್ಪ. ಆಸ್ಪತ್ರೆಯೊಂದರ ಎಕ್ಸ್‌ರೇ ರೂಮಿನ ಬಾಗಿಲು ತೆಗೆದು ಮುಚ್ಚಿಯೇ ರಿಟೈರಾದವನು. ಡಾಕ್ಟರಿಗಿಂತ ಗತ್ತು ಜಾಸ್ತಿ. ಬ್ಯಾಗಿನಿಂದ ಹರಿದ ಏಪ್ರನ್ನಿನ ತುಂಡೊಂದನ್ನು ಎಳೆದ. “ಸೀಸದ್ದು. ಇದನ್ನ ದಾಟೋ ಎಕ್ಸ್‌ರೇ ಇನ್ನೂ ಹುಟ್ಟಿಲ್ಲ. ಡಬ್ಬಿ ಕೊಡಿಲ್ಲಿ, ಸೀಲೂ ಕೊಡು. ಈ ಸಿಟ್ಟಲ್ಲಿ ನೀನು ಸೊಟ್ಟಪಟ್ಟ ಅಂಟಿಸ್ತೀಯ.”

ಜಗನ್ ಎರಡನ್ನೂ ಕೊಟ್ಟು, ಕಿಟಕಿಗೆ ಮುಖ ಹಾಕಿ ಮೋಹನ್‌ಬಾಬುವಿಗೆ ಹೇಳಬೇಕಾಗಿದ್ದ ಮಾತುಗಳನ್ನು ಒಂದೊಂದಾಗಿ ಜೋಡಿಸತೊಡಗಿದ. ಪಕ್ಕದಲ್ಲಿ ಕೋನಪ್ಪ ಒಂದು ಚಿಟಿಕೆ ನಶ್ಯ ಏರಿಸಿ, ಬಸ್ಸು ಅದುರುವಂತೆ ಎರಡು ಸಲ ಸೀನಿ, ಸೀಲು ಅಂಟಿಸಿ, ಸೀಸ ಸುತ್ತಿ ಕೊಟ್ಟ.

ಏರ್‌ಪೋರ್ಟಿನ ಸ್ಕ್ಯಾನರಿನಲ್ಲಿ ಸೀಸದ ಗಂಟು ಇದ್ದಲಿನಂತೆ ಕಪ್ಪಗೆ ಕಂಡಿತು. ಬೆಲ್ಟು ನಿಂತಿತು.

“ಏನಿದು? ಬಿಚ್ಚಿ ಮತ್ತೆ ಹಾಕಿ,” ಎಂದಳು ಕಾವಲಿನ ಹುಡುಗಿ.

“ಹಾಕಲ್ಲ ಮೇಡಂ! ಫಿಲ್ಮಿದೆ. ಕೈಯಲ್ಲಿ ಚೆಕ್ ಮಾಡಿ.”

“ಫಿಲ್ಮ್ ಅಂದ್ರೆ? ಪೆನ್‌ಡ್ರೈವಾ?”

“ಹಳೇ ಕಾಲದ್ದು ಮೇಡಂ, ನಮ್ಮ ತಾತನ ಮನೇಲಿತ್ತು,” ಎಂದು ಸಾಲಿನಿಂದ ಒಬ್ಬ ಬಾಯಿ ಹಾಕಿದ. “ರೀ, ಫೋನಲ್ಲೇ ತೆಗೆದಿದ್ರೆ ಇಷ್ಟೊತ್ತಿಗೆ ಅಪ್‌ಲೋಡೇ ಆಗಿರೋದು!”

ಜಗನ್‌ಗೆ ಪಿತ್ತ ನೆತ್ತಿಗೇರಿತು. “ನೀವು ಸುಮ್ನಿರ್ರೀ! ಮೇಡಂ, ಮೂರು ತಿಂಗಳಿನ ಕಷ್ಟ! ಈ ಡಬ್ಬೀಲಿ ನಮ್ಮಮ್ಮ ಇದಾರೆ!”

ಹುಡುಗಿ ಕೈ ಹಿಂದಕ್ಕೆಳೆದುಕೊಂಡಳು. ಬಾಯಿ ಹಾಕಿದವನು ಚಪ್ಪಲಿ ಬಿಟ್ಟು ಕೈ ಮುಗಿದ. “ಅಸ್ಥಿ ಅಂತ ಮೊದಲೇ ಹೇಳಬಾರ್ದಾ ಪಾಪ,” ಎಂದು ಯಾರೋ ಕಣ್ಣೊರೆಸಿಕೊಂಡರು.

“ಅಸ್ಥಿ ಅಲ್ರೀ! ಗುಂಡುಕಲ್ಲಿನಂಗಿದಾರೆ ನಮ್ಮಮ್ಮ!”

ಗದ್ದಲಕ್ಕೆ ಹಿರಿಯ ಅಧಿಕಾರಿಯೊಬ್ಬರು ಬಂದರು. ಸಂಘದ ಪತ್ರ ಓದಿದರು, ಸೀಲು ನೋಡಿದರು, ಡಬ್ಬಿಯ ಮೈಯನ್ನು ಬಟ್ಟೆಯ ಚೂರಿನಿಂದ ಒರೆಸಿ, ಆ ಚೂರನ್ನಷ್ಟೇ ಸ್ಫೋಟಕ ಪತ್ತೆಯ ಮಿಷನ್ನಿಗೆ ಕೊಟ್ಟರು. “ನಮ್ಮಪ್ಪನ ಹತ್ರಾನೂ ಇಂಥ ಡಬ್ಬಿ ಇತ್ತಪ್ಪಾ. ಹೋಗು, ಗೆದ್ಕೊಂಡು ಬಾ,” ಎಂದು ತಾವೇ ಅದನ್ನು ಆಚೆ ದಾಟಿಸಿಕೊಟ್ಟರು. ಜಗನ್ ಎದೆಯುಬ್ಬಿಸಿ ಸಾಲಿನ ಕಡೆ ಒಮ್ಮೆ ನೋಡಿದ.

“ಇವರ ಜೊತೆಯವರ ಬ್ಯಾಗು ಮಾತ್ರ ಸರಿಯಾಗಿ ನೋಡಮ್ಮಾ,” ಎಂದು ಹೋಗುತ್ತಾ ಹೇಳಿದರು ಅಧಿಕಾರಿ. ಕೋನಪ್ಪನ ಬ್ಯಾಗು ಬೆಲ್ಟಿನ ಮೇಲೆ ಐದು ಸಲ ಮೆರವಣಿಗೆ ಹೋಯಿತು. ಮೊದಲು ಅಡಕೆ ಕತ್ತರಿ ಸಿಕ್ಕಿತು, ಆಮೇಲೆ ಚಕ್ಕುಲಿ. ಐದನೇ ಸಲ ಏನೂ ಸಿಗಲಿಲ್ಲ, ಬಿಟ್ಟರು.

ವಿಮಾನದಲ್ಲಿ ಜಗನ್ ಡಬ್ಬಿಯನ್ನು ಬಾಣಂತಿ ಕೂಸು ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದು ಕುಳಿತ. ನೀರು ಕೊಟ್ಟರೂ ಕುಡಿಯಲಿಲ್ಲ.

ಒಂದೂಮುಕ್ಕಾಲಿಗೆ ಮಂಗಳೂರಿನ ಸಂಘದ ಸಭಾಂಗಣ. ಎದುರಿಗೆ ಇಪ್ಪತ್ತು ಮಂದಿ ಸ್ಪರ್ಧಿಗಳು. ಹಿರಿಯ ತೀರ್ಪುಗಾರ್ತಿ ಕನಕಲಕ್ಷ್ಮಿ ಸೀಲು ಒಡೆದು, ಗಿರಗಿರನೆ ತಿರುಗುವ ಫ್ಯಾನಿನ ಕೆಳಗೆ ಮುಚ್ಚಳ ತೆಗೆದರು. ಕಂದು ಪುಡಿಯೊಂದು ಸಭಾಂಗಣದ ತುಂಬ ಹಾರಿತು. ಆಮೇಲೆ ಐದು ನಿಮಿಷ ತೀರ್ಪುಗಾರರೂ ಸ್ಪರ್ಧಿಗಳೂ ಬರೀ ಸೀನಿದರು.

“ಅಯ್ಯಯ್ಯೋ, ಅದು ನನ್ನ ನಶ್ಯದ ಡಬ್ಬಿ!” ಎಂದು ಕೋನಪ್ಪ ಬ್ಯಾಗಿಗೆ ಕೈ ಹಾಕಿದ. ಮೂವತ್ತು ವರ್ಷದ ಹಿಂದೆ, ಮುನಿಗಂಗಮ್ಮನ ಮದುವೆಗೆ ಬಂದ ಫೋಟೋದವನು ಬಿಸಾಡಿದ್ದ ಫಿಲ್ಮ್ ಡಬ್ಬಿಯನ್ನು ತೊಳೆದು ಅವನು ನಶ್ಯಕ್ಕೆ ಇಟ್ಟುಕೊಂಡಿದ್ದ. ಅದೇ ಕಪ್ಪು, ಅದೇ ಮುಚ್ಚಳ. “ಹೆದರ್ಬೇಡ ಜಗ್ಗಾ! ನಿಂದು ಇಲ್ಲೇ ಭದ್ರವಾಗೈತೆ. ನಿನ್ನ ಟೆನ್ಷನ್ನಲ್ಲಿ ಬಸ್ಸಿಳಿದ ಮೇಲೆ ನಾನು ಮುಟ್ಟೇ ಇಲ್ಲ.”

ಬ್ಯಾಗು. ಐದು ಸಲ. ಸೀಸವಿಲ್ಲದೆ, ಎಕ್ಸ್‌ರೇ ಬೆಲ್ಟಿನ ಮೇಲೆ.

ಕನಕಲಕ್ಷ್ಮಿ ಒಳ್ಳೆಯ ಹೆಂಗಸು. ಸೀಲಿನ ನಿಯಮ ಬದಿಗಿಟ್ಟು, ಮೂಗೊರೆಸಿಕೊಳ್ಳುತ್ತಲೇ ರೋಲು ತೊಳೆಸಿದರು. ಮುಕ್ಕಾಲು ಗಂಟೆಯ ಮೇಲೆ ಅದನ್ನು ದೀಪದ ಮೇಜಿನ ಮೇಲೆ ಹಾಸಿದಾಗ ಎಲ್ಲರೂ ಬಗ್ಗಿದರು. ಈ ತುದಿಯಿಂದ ಆ ತುದಿಯವರೆಗೆ ಬೂದಿ ಬಣ್ಣ. ಅಮ್ಮನ ಒಂದು ಬೆರಳೂ ಇಲ್ಲ. ಏರ್‌ಪೋರ್ಟಿನ ಮಿಷನ್ನೂ ಆಕೆಯನ್ನು ಯಾರೂ ಅಲ್ಲ ಎಂದುಬಿಟ್ಟಿತ್ತು.

“ಇದನ್ನ ಎಲ್ಲಿ ತೆಗೆದದ್ದಪ್ಪಾ?” ಎಂದು ಕನಕಲಕ್ಷ್ಮಿ ಮೆಲ್ಲಗೆ ಕೇಳಿದರು.

ಜಗನ್ ಇನ್ನೂ ಒಂದೊಂದೇ ಫ್ರೇಮಿನಲ್ಲಿ ಅಮ್ಮನನ್ನು ಹುಡುಕುತ್ತಿದ್ದ. ಅಳಿಯನ ಮರ್ಯಾದೆ ಹೋಗುತ್ತಿರುವುದು ಕೋನಪ್ಪನಿಗೂ ಕಂಡಿತು. ಫೋಟೋ ಬಗ್ಗೆ ಅವನು ಬಲ್ಲದ್ದು ಬೆಳಗ್ಗೆ ಸ್ಟುಡಿಯೋದಲ್ಲಿ ಕೇಳಿದ್ದಷ್ಟೇ. ಮುಂದೆ ಬಂದು ಗಟ್ಟಿಯಾಗಿ ಹೇಳಿದ:

“ನಂದಿ ಬೆಟ್ಟ ಮೇಡಂ! ಬೆಳಗ್ಗೆ ಐದು ಗಂಟೇಲಿ!”

“ಓಹೋ!” ಕನಕಲಕ್ಷ್ಮಿ ಮತ್ತೊಮ್ಮೆ ಬಗ್ಗಿ ನೋಡಿ, ಮನಸಾರೆ ತಲೆದೂಗಿದರು. “ಮಂಜು ಬಹಳ ಚೆನ್ನಾಗಿ ಬಂದಿದೆ. ಅಲ್ವೇನಪ್ಪಾ?”

ಜಗನ್ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಬಾಗಿಲ ಕಡೆ ನಡೆದ.