ಅಪ್ಪನ ನಾಗಸ್ವರ ಕಂಪ್ಯೂಟರಿಗೆ ಇಳಿದದ್ದು

ಕಂಪ್ಯೂಟರಿನಲ್ಲಿ ಸಂಗೀತ ಮಾಡಲು ಕೂತವನ ಮರ್ಯಾದೆ ದಿನಕ್ಕೊಂದು ರೀತಿಯಲ್ಲಿ ಹೋಗುತ್ತಲೇ ಇರುತ್ತದೆ. ಹೊಸಬರು ಯಾರಾದರೂ ಬಂದು, "ಸಾರ್, ಶುರು ಮಾಡೋದು ಹೇಗೆ, ಏನಾದ್ರೂ ಟಿಪ್ಸ್ ಕೊಡಿ" ಎಂದರೆ ನಾನು ಪುಸ್ತಕದಲ್ಲಿರುವುದನ್ನು ಹೇಳುವುದಿಲ್ಲ, ನನಗಾದದ್ದನ್ನು ಹೇಳುತ್ತೇನೆ. ಅವರು ಬಿದ್ದು ಬಿದ್ದು ನಗುತ್ತಾರೆ. ನನಗೆ ಅಷ್ಟಾಗಿ ನಗು ಬರುವುದಿಲ್ಲ.

ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ನಾನು ಅರಸೀಕೆರೆಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಟೈಪಿಂಗು ಕಲಿಸುತ್ತಿದ್ದೆ. ಅಪ್ಪ ವಾಲಗದವನು. ಬಾಣಾವರದಿಂದ ಬೇಲೂರಿನವರೆಗೆ ಅವನ ನಾಗಸ್ವರವಿಲ್ಲದೆ ನಡೆದ ಮದುವೆಗಳು ಕಡಿಮೆ. ತಂಗಿ ತೊಟ್ಟಿಲಲ್ಲಿದ್ದಾಗಿನಿಂದ, "ಇವಳ ಮದ್ವೇಲಿ ನಾನೇ ಊದೋದು" ಅನ್ನುತ್ತಿದ್ದ. "ಧಾರೆ ಎರೆಯೋರು ಯಾರು ಮತ್ತೆ?" ಎಂದು ಅಮ್ಮ ಕೇಳಿದರೆ, "ಎರೆದು, ಕೈ ಒರಸ್ಕೊಂಡು ಊದ್ತೀನಿ ಕಣೇ" ಎನ್ನುವನು.

ತಂಗಿಗೆ ಬೇಲೂರಿನ ಗಂಡು ಗೊತ್ತಾಗುವ ಹೊತ್ತಿಗೆ ಅಪ್ಪನ ಮುಂದಿನ ಹಲ್ಲುಗಳು ಒಂದೊಂದೇ ಉದುರಿದವು. ಹಲ್ಲಿನ ಆಸರೆ ಇಲ್ಲದಿದ್ದರೆ ನಾಗಸ್ವರದ ಪೀಪಿ ತುಟಿಯಲ್ಲಿ ನಿಲ್ಲುವುದಿಲ್ಲ. ಅಪ್ಪ ವಾದ್ಯವನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ. ಮದುವೆ ಗೊತ್ತಾದ ಮನೆಯಲ್ಲಿ ಯಾರೂ ಜೋರಾಗಿ ಮಾತಾಡದ ಹಾಗಾಯಿತು.

ಕಟ್ಟಿಸಿದ ಹಲ್ಲು

ಮೊದಲು ಹಲ್ಲು ಕಟ್ಟಿಸಿ ನೋಡಿದೆವು. ಹಳೇಬೀಡಿನಲ್ಲಿ ಒಂದು ಗೃಹಪ್ರವೇಶ. ಅಪ್ಪ ಹೊಸ ಹಲ್ಲಿನಲ್ಲಿ ಮದುವಣಿಗನ ಹಾಗೆ ಸಂಕೋಚದಿಂದ ಕೂತಿದ್ದ. ಜೊತೆಗೆ ಎಂದಿನ ಹಾಗೆ ಗಂಡಸಿ ಊರಿನ ಡೋಲಿನವನು. ಶುರುವಿನಲ್ಲಿ ನಾದ ಚೆನ್ನಾಗಿಯೇ ಬಂತು. ಒಂದು ಕೃತಿ ಮುಗಿಸಿ ಅಪ್ಪ ವಾದ್ಯವನ್ನು ಬಾಯಿಂದ ತೆಗೆದ. ವಾದ್ಯದ ಜೊತೆಗೆ ಹಲ್ಲೂ ಬಂತು. ಪೀಪಿಯನ್ನು ಕಚ್ಚಿಕೊಂಡು ಗಟ್ಟಿಯಾಗಿ ನಿಂತಿತ್ತು.

ಡೋಲಿನವನು ಕೈ ನಿಲ್ಲಿಸದೆ ಹೇಳಿದ: "ಅಣ್ಣಾ, ನಾಗಸ್ವರಕ್ಕೇ ಹಲ್ಲು ಬಂತು. ಇನ್ಮೇಲೆ ಊಟಕ್ಕೂ ಅದನ್ನೇ ಕೂರ್ಸು."

ಹಾಸಿಗೆ

ಆಗ ನನಗೆ ಹೊಳೆಯಿತು. ಅಪ್ಪನ ಬಾಯಲ್ಲಿ ಇನ್ನೂ ಒಂದೆರಡು ಸ್ವಂತ ಹಲ್ಲು ಅಲ್ಲಾಡುತ್ತಾ ನಿಂತಿದ್ದವು. ಇಡೀ ಕೃತಿಗೆ ಅವು ಸಾಲವು, ಒಂದೊಂದು ಸ್ವರಕ್ಕೆ ಸಾಕು. ಅವು ಇರುವಷ್ಟರಲ್ಲಿ ಅವನ ಸ್ವರಗಳನ್ನು ಒಂದೊಂದಾಗಿ ಕಂಪ್ಯೂಟರಿನಲ್ಲಿ ಹಿಡಿದಿಟ್ಟುಕೊಂಡರೆ, ಆಮೇಲೆ ಜೋಡಿಸಿ ಎಂಥ ವಾಲಗವನ್ನಾದರೂ ನುಡಿಸಬಹುದು. ಮದುವೆಯಲ್ಲಿ ಅಪ್ಪನೇ ಊದಿದ ಹಾಗಾಯಿತು.

ಹೊಸಬರಿಗೆ ಮೊದಲ ಮಾತು: ರೆಕಾರ್ಡು ಮಾಡುವ ಕೋಣೆಯಲ್ಲಿ ಗೋಡೆಗಳು ದನಿಯನ್ನು ವಾಪಸ್ಸು ಎಸೆಯಬಾರದು. ನಾನು ಸೆಂಟರಿನ ಒಂದು ಕಂಪ್ಯೂಟರನ್ನು ಮನೆಗೆ ತಂದಿಟ್ಟು, ಹಾಸಿಗೆಗಳನ್ನೆಲ್ಲ ಎಳೆದು ಗೋಡೆಗೆ ನಿಲ್ಲಿಸಿ, ಅಪ್ಪನನ್ನು ನಡುವೆ ಕೂರಿಸಿದೆ. ಅಮ್ಮನಿಗೆ ಬಾಗಿಲು ಕಾಯುವ ಕೆಲಸ. ಆ ಹೊತ್ತಿಗೆ ಪಕ್ಕದ ಮನೆಯಾಕೆ ಬಂದಳು. ಮನೆಯಲ್ಲಿ ಪಿಟಕ್ಕೆನ್ನದ ಮೌನ, ಹಾಸಿಗೆಗಳೆಲ್ಲ ಎದ್ದಿವೆ, ಅಮ್ಮ ತುಟಿಯ ಮೇಲೆ ಬೆರಳಿಟ್ಟುಕೊಂಡು ಮಾತಾಡಬೇಡ ಎಂದು ತಲೆಯಾಡಿಸುತ್ತಿದ್ದಾಳೆ. ಆಕೆ ಎದೆ ಬಡಿದುಕೊಂಡು, "ಅಯ್ಯೋ ನಮ್ಮಣ್ಣಾ, ಮಗಳ ಮದ್ವೆ ನೋಡ್ದಂಗೆ ಹೊಂಟೋದ್ಯಲ್ಲಾ" ಎಂದು ರಾಗ ತೆಗೆದಳು.

ಹಾಸಿಗೆಗಳ ಒಳಗಿಂದ ಅಪ್ಪನ ದನಿ ಬಂತು: "ಇನ್ನೂ ಇಲ್ಲ ಕಣವ್ವಾ. ಶ್ರುತಿ ನೋಡ್ಕೊಂತಾ ಇವ್ನಿ."

ಒಂದೊಂದೇ ಸ್ವರ

ಸ್ವರಗಳನ್ನು ಬಿಡಿಬಿಡಿಯಾಗಿ, ಅಲುಗಾಡಿಸದೆ ಹಿಡಿಯಬೇಕು. ಅಲುಗಾಡುವ ಸ್ವರ ಆಮೇಲೆ ಯಾವುದಕ್ಕೂ ಜೋಡಿಯಾಗುವುದಿಲ್ಲ. ಇದನ್ನು ಹುಟ್ಟಿದಾಗಿನಿಂದ ಸ್ವರ ತೂಗಿಸುವ ಗಮಕದಲ್ಲೇ ಬಾಳಿದ ಮನುಷ್ಯನಿಗೆ ಹೇಳಿ ನೋಡಿ.

"ಅಪ್ಪಾ, ಬರೀ 'ಸ' ಊದು. ನೆಟ್ಟಗೆ."

ಅಪ್ಪ ಊದಿದ. 'ಸ' ಹೊರಟಿತು, ಅಕ್ಕಪಕ್ಕದ ಸ್ವರಗಳನ್ನೆಲ್ಲ ಮಾತಾಡಿಸಿಕೊಂಡು ತಿರುಗಿ ಬಂತು.

"ಹಂಗಲ್ಲಪ್ಪ. ಎಲ್ಲೂ ಹೋಗಬಾರದು. ನಿಂತಲ್ಲೇ ನಿಲ್ಲಬೇಕು."

"ನಿಂತಲ್ಲೇ ನಿಂತು ಏನ್ಮಾಡ್ತೈತೆ ಅದು?"

"ಏನೂ ಮಾಡಲ್ಲ. ಸುಮ್ನೆ ಒಂದೇ ಸಮ ಊದು."

ಅಪ್ಪ ವಾದ್ಯ ಕೆಳಗಿಟ್ಟ. ಸ್ಟೇಷನ್ನಿನ ಕಡೆ ಕೈ ತೋರಿಸಿದ. "ಒಂದೇ ಸಮ ಊದಕ್ಕೆ ಅಲ್ಲಿ ರೈಲು ಐತೆ. ಹೋಗಿ ಅದನ್ನ ಹಿಡ್ಕೋ."

ಸೇವ್

ಹೇಗೋ ಕಾಡಿ ಬೇಡಿ ಎಲ್ಲ ಸ್ವರಗಳನ್ನೂ ಊದಿಸಿದೆ. ಕೊನೆಯ ಮೇಲಿನ 'ಸ' ಮುಗಿದಾಗ ಅಪ್ಪನ ಕಣ್ಣಲ್ಲಿ ನೀರು, ನನ್ನ ಕಣ್ಣಲ್ಲೂ ನೀರು. ಇಬ್ಬರೂ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಕರೆಂಟು ಹೋಯಿತು. ನಾನು ಏನನ್ನೂ ಸೇವ್ ಮಾಡಿರಲಿಲ್ಲ.

ಇದರಲ್ಲಿ ನಗುವಂಥದ್ದೇನೂ ಇಲ್ಲ. ನೀವು ಆಗಾಗ ಸೇವ್ ಮಾಡಿಕೊಳ್ಳುತ್ತಿರಿ, ಅಷ್ಟೇ.

ಮೇಲಿನ 'ಸ'

ಮತ್ತೆ ಊದಿಸಬೇಕಾಯಿತು. ಅಪ್ಪ ಬೇಡವೆನ್ನಲಿಲ್ಲ. ಕೆಳಗಿನ ಸ್ವರಗಳೆಲ್ಲ ಬಂದವು. ಮೇಲಿನ 'ಸ'ಕ್ಕೆ ಗಟ್ಟಿಯಾಗಿ ಕಚ್ಚಬೇಕು. ಕಚ್ಚಿದಾಗ ಉಳಿದಿದ್ದ ಕೊನೆಯ ಹಲ್ಲೂ ಉದುರಿತು. ಅಪ್ಪ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಇನ್ನು ಅವನು ಊದುವುದಿಲ್ಲವೆಂದು ಇಬ್ಬರಿಗೂ ಗೊತ್ತಾಯಿತು. ಆ ದಿನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಕಂಪ್ಯೂಟರಿನಲ್ಲಿ ಒಂದು ಅನುಕೂಲವಿದೆ. ಕೆಳಗಿನ ಸ್ವರವನ್ನೇ ಎಳೆದು ಮೇಲಿನ ಸ್ವರ ಮಾಡಿಕೊಳ್ಳಬಹುದು. ಒಂದೆರಡು ಮೆಟ್ಟಿಲು ಎಳೆದರೆ ಪರವಾಗಿಲ್ಲ, ತೀರಾ ಎಳೆದರೆ ದನಿಯ ಮುಖವೇ ಬದಲಾಗಿಬಿಡುತ್ತದೆ. ನಾನು ಕೆಳಗಿನ 'ಸ'ವನ್ನೇ ಹಿಡಿದು ತೀರಾ ಎಳೆದೆ. ಅಪ್ಪನನ್ನು ಸಮಾಧಾನ ಮಾಡುವ ಆಸೆಯಿಂದ ಕರೆದು ಕೇಳಿಸಿದೆ. "ಇದೂ ನಿನ್ನದೇ ಅಪ್ಪಾ" ಎಂದೆ.

ಅಪ್ಪ ಕಿವಿಗೊಟ್ಟು ಕೇಳಿದ. "ಇದು ನಾನಲ್ಲ ಕಣ್ಲಾ. ನಿಮ್ಮ ಚಿಕ್ಕಪ್ಪ. ಅವ್ನು ಹಿಂಗೇ ಊದ್ತಿದ್ದ. ಅದಕ್ಕೇ ವಾಲಗ ಬಿಡ್ಸಿ ಬಸ್ ಕಂಡಕ್ಟರ್ ಮಾಡಿದ್ದು."

ಆಮೇಲೆ ಆ ಸ್ವರವನ್ನು ಮುಟ್ಟದ ಹಾಗೆ ಇಡೀ ವಾಲಗ ಜೋಡಿಸಿದೆ.

ತಪ್ಪದ ತಾಳ

ಡೋಲನ್ನೂ ಕಂಪ್ಯೂಟರಿನಲ್ಲೇ ಮಾಡಿದ್ದೆ. ಗಂಡಸಿಯ ಡೋಲಿನವನು ಕೇಳಲು ಬಂದ. ಅವನ ಅನ್ನಕ್ಕೇ ಕೈ ಹಾಕಿದ ಹಾಗಾಯಿತೇನೋ ಎಂದು ನನಗೆ ಒಳಗೊಳಗೇ ಅಳುಕು. ಅವನು ಕಣ್ಣು ಮುಚ್ಚಿ ಪೂರ್ತಿ ಕೇಳಿದ.

"ಯಾರಿದು ಬಾರಿಸ್ತಿರೋದು?"

"ಯಾರೂ ಇಲ್ಲಣ್ಣ, ಕಂಪ್ಯೂಟರ್ರೇ."

"ಅಂದ್ಕೊಂಡೆ. ಶುರುವಿಂದ ಕೊನೇ ತಂಕ ಒಂದ್ ಪೆಟ್ಟೂ ಹಿಂದೆ ಮುಂದೆ ಇಲ್ಲ. ಉಂಡೋನ ಕೈ ಹಿಂಗಿರಲ್ಲ. ಪಾಪ, ಮದ್ವೆ ಮನೇಲಿ ಇವನಿಗೆ ಯಾರೂ ಊಟ ಹಾಕಿಲ್ಲ."

ನಾನು ಪೆಟ್ಟುಗಳನ್ನು ಅಷ್ಟಿಷ್ಟು ಹಿಂದೆಮುಂದೆ ಸರಿಸಿದೆ. ಅವನು ಮತ್ತೆ ಕೇಳಿ, "ಹಾಂ, ಈಗ ಪಾಯಸ ತನಕ ಬಂದವ್ನೆ" ಅಂದ.

ಗಟ್ಟಿಮೇಳ

ಬೇಲೂರಿನ ಛತ್ರದಲ್ಲಿ ಮದುವೆ. ಕಂಪ್ಯೂಟರನ್ನು ಹಾಸಿಗೆಯಲ್ಲಿ ಸುತ್ತಿ ವ್ಯಾನಿನಲ್ಲಿ ತಂದು ಮಂಟಪದ ಪಕ್ಕ ಇಟ್ಟಿದ್ದೆ. ಗಂಡಿನ ಕಡೆಯವರು ಬಂದು ಬಂದು ಬಗ್ಗಿ ನೋಡಿ, ವಾಲಗದವರು ಯಾವಾಗ ಬರುತ್ತಾರೆಂದು ಕೇಳಿ ಹೋಗುತ್ತಿದ್ದರು. ಅಪ್ಪ ಬೊಚ್ಚು ಬಾಯಿ ಮುಚ್ಚಿಕೊಂಡು ತಲೆ ತಗ್ಗಿಸಿ ಕೂತಿದ್ದ. ಅವನನ್ನು ನೋಡಿ, ಇಷ್ಟೆಲ್ಲ ಯಾಕಾದರೂ ಮಾಡಿದೆನೋ ಅನ್ನಿಸಿತು.

ಧಾರೆ ಆಯಿತು. ಗಂಡು ತಾಳಿ ಎತ್ತಿಕೊಂಡ. ಪುರೋಹಿತರು ಕೈ ಮೇಲೆತ್ತಿ, "ಗಟ್ಟಿಮೇಳ! ಗಟ್ಟಿಮೇಳ!" ಅಂದರು. ನಾನು ಕೀಲಿ ಒತ್ತಿದೆ.

ಛತ್ರ ತುಂಬ ಅಪ್ಪನ ನಾಗಸ್ವರ ಮೊಳಗಿತು. ಊಟದ ಮನೆಯಲ್ಲಿದ್ದವರೂ ಓಡಿ ಬಂದರು. ಅವನನ್ನು ಬಲ್ಲವರೆಲ್ಲ ತಿರುಗಿ ಅವನ ಮುಖವನ್ನೇ ನೋಡಿದರು. ನಾನೂ ನೋಡಿದೆ. ಅಪ್ಪ ಕಣ್ಣು ಮುಚ್ಚಿದ್ದ. ಕೆನ್ನೆಗಳು ಉಬ್ಬಿದ್ದವು. ಬೆರಳುಗಳು ಹೆಗಲ ಮೇಲಿನ ಟವೆಲಿನ ಅಂಚಿನಲ್ಲಿ ಓಡಾಡುತ್ತಿದ್ದವು. ಅಪ್ಪ ಊದುತ್ತಿದ್ದ!

ಉಬ್ಬಿದ ಕೆನ್ನೆ ಇಳಿಯಲೇ ಇಲ್ಲ. ನಾನು ಸ್ವರಗಳನ್ನು ಒಂದಕ್ಕೊಂದು ಸಂದಿಲ್ಲದ ಹಾಗೆ ಜೋಡಿಸಿ, ಅದನ್ನೇ ಸುತ್ತಿ ಸುತ್ತಿ ಬರುವ ಹಾಗೆ ಮಾಡಿಟ್ಟಿದ್ದೆ. ಅದು ನಿಲ್ಲುವವರೆಗೆ ಅಪ್ಪನೂ ನಿಲ್ಲುವ ಹಾಗಿರಲಿಲ್ಲ. ಮುಖ ಕೆಂಪಾಯಿತು. ಕುತ್ತಿಗೆಯ ನರಗಳು ಉಬ್ಬಿದವು. ಅಮ್ಮ, "ಏನ್ರೀ! ಏನಾಯ್ತ್ರೀ!" ಎಂದು ತೋಳು ಹಿಡಿದು ಅಲ್ಲಾಡಿಸಿದಳು. ನಾನು ನಿಲ್ಲಿಸೋಣವೆಂದರೆ, ಮೂರು ಗಂಟು ಬೀಳುವ ಮುಂಚೆ ಗಟ್ಟಿಮೇಳ ನಿಲ್ಲುವುದು ಮಹಾ ಅಪಶಕುನ. ತಂಗಿಯ ಬಾಳಿನ ಪ್ರಶ್ನೆ. ಗಂಡಿನ ಕೈಯಿಂದ ಎರಡನೆಯ ಗಂಟು ಜಾರಿತು.

"ಬೇಗ ಕಟ್ಟಿ ಭಾವಾ, ಬೇಗ ಕಟ್ಟಿ!" ಎಂದು ಕಿರುಚಿದೆ.

"ತಂಗೀನ ಸಾಗಹಾಕೋಕೆ ಎಷ್ಟು ಅವಸರ ನೋಡಿ" ಎಂದು ಗಂಡಿನ ಕಡೆಯ ಹೆಂಗಸರು ನಕ್ಕರು.

ಮೂರನೆಯ ಗಂಟು ಬಿತ್ತು. ನಾನು ನಿಲ್ಲಿಸಿದೆ. ಅಪ್ಪ 'ಹುಸ್' ಎಂದು ಗಾಳಿ ಬಿಟ್ಟು ಮಣೆಯ ಮೇಲೆ ಕುಸಿದ. ನಾನು ಹಾರಿ ಹೋಗಿ ಅವನನ್ನು ಹಿಡಿದುಕೊಂಡೆ. ಅವನು ನನ್ನ ಅಂಗಿಯ ಕಾಲರು ಹಿಡಿದು, ಏದುಸಿರಿನಲ್ಲಿ ಕೇಳಿದ:

"ಊದಿದ್ದು ನಾನೇ ತಾನೇ?"

"ನೀನೇ ಅಪ್ಪಾ. ಪೂರ್ತಿ ನೀನೇ."

"ಹಂಗಾದ್ರೆ ಮಧ್ಯ ಒಂದು ಕಡೆನಾದ್ರೂ ನಂಗೆ ಉಸ್ರು ತಗೊಳಾಕೆ ಬಿಡಬಾರ್ದೇನ್ಲಾ!"